ಚಿತ್ರಪಟದ ಮುಂದೆ ವೈದ್ಯ ವಿದ್ಯಾರ್ಥಿ

ರೋಗಿಯೊಬ್ಬರು ವೈದ್ಯರ ಕೋಣೆಯ ಹೊಸ್ತಿಲು ದಾಟಿ ಬಂದು ಕುರ್ಚಿಯಲ್ಲಿ ಕುಳಿತುಕೊಳ್ಳುವಷ್ಟರಲ್ಲಿಯೇ ಅವರ ಶರೀರವು ಅನೇಕ ಸಂಗತಿಗಳನ್ನು ಹೇಳಿಬಿಟ್ಟಿರುತ್ತದೆ. ನಡೆಯುವಾಗ ಒಂದು ತೋಳು ಬೀಸದೆ ಮೈಗೆ ಅಂಟಿಕೊಂಡಂತಿದ್ದರೆ ಅದು ಪಾರ್ಕಿನ್‌ಸನ್ ಕಾಯಿಲೆಯ ಮೊದಲ ಸೂಚನೆಗಳಲ್ಲಿ ಒಂದಾಗಿರಬಹುದು. ಪಾದದ ಮೇಲೆ ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಒತ್ತಿ ಮೂಡಿದ್ದರೆ ಹೃದಯದ ಅಥವಾ ಮೂತ್ರಪಿಂಡದ ತೊಂದರೆಯಿಂದ ಅಲ್ಲಿ ನೀರು ತುಂಬಿರಬಹುದು. ಆಡುತ್ತಿರುವ ಮಾತು ಮುಗಿಯುವ ಮೊದಲೇ ಉಸಿರಿಗಾಗಿ ನಿಲ್ಲಬೇಕಾಗಿ ಬಂದರೆ ಎದೆಯೊಳಗಿನ ಕಷ್ಟ ಅಲ್ಲಿಯೇ ಗೊತ್ತಾಗುತ್ತದೆ. ಇವನ್ನು ತಿಳಿಯಲು ಯಂತ್ರ ಬೇಕಿಲ್ಲ, ರಕ್ತ ತೆಗೆಯಬೇಕಿಲ್ಲ; ನೋಡಿದರೆ ಸಾಕು. ಆದರೆ ಹಾಗೆ ನೋಡುವುದು ಎಲ್ಲರಿಗೂ ತಾನಾಗಿ ಬರುವ ವಿದ್ಯೆಯಲ್ಲ.

ನೋಡುವುದನ್ನು ಕಲಿಸಬಹುದೇ? ಕಲಿಸುವುದಾದರೆ ಎಲ್ಲಿ, ಹೇಗೆ? ಈ ಪ್ರಶ್ನೆಗೆ ಅಮೆರಿಕದ ಕೆಲವು ವೈದ್ಯಕೀಯ ವಿದ್ಯಾಲಯಗಳು ಕಳೆದ ಕಾಲು ಶತಮಾನದಲ್ಲಿ ಕಂಡುಕೊಂಡ ಉತ್ತರವೊಂದನ್ನು ಈ ಸಂಚಿಕೆಯ ಆರೋಗ್ಯ ವಿಭಾಗದಲ್ಲಿ ಸದ್ಭಕ್ತರ ಮುಂದಿಡುತ್ತಿದ್ದೇವೆ. ಆ ವಿದ್ಯಾಲಯಗಳು ತಮ್ಮ ವಿದ್ಯಾರ್ಥಿಗಳನ್ನು ಆಸ್ಪತ್ರೆಯಿಂದ ಹೊರಗೆ ಕರೆದುಕೊಂಡು ಹೋಗಿ ಚಿತ್ರಶಾಲೆಯಲ್ಲಿ ನಿಲ್ಲಿಸಿದವು. ಈ ವಿಷಯ ವೈದ್ಯರಿಗಷ್ಟೇ ಸಂಬಂಧಿಸಿದುದಲ್ಲ. ಮನೆಯಲ್ಲಿ ವೃದ್ಧರನ್ನು, ಮಕ್ಕಳನ್ನು, ಕಾಯಿಲೆಯವರನ್ನು ನೋಡಿಕೊಳ್ಳುವ ಪ್ರತಿಯೊಬ್ಬರಿಗೂ ಇದರಲ್ಲಿ ಕಲಿಯುವ ಪಾಠವಿದೆ.

ದರ್ಶನವೇ ಮೊದಲ ಪರೀಕ್ಷೆ

ನಮ್ಮ ಆಯುರ್ವೇದವು ರೋಗಿಯ ಪರೀಕ್ಷೆಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ವಿಧವಾಗಿ ಹೇಳಿದೆ. ಮೂರರಲ್ಲಿ ಮೊದಲು ಬರುವುದು ದರ್ಶನ, ಅಂದರೆ ನೋಡುವುದು. ಮುಂದಿನ ಕಾಲದಲ್ಲಿ ಬಳಕೆಗೆ ಬಂದ ಅಷ್ಟಸ್ಥಾನ ಪರೀಕ್ಷೆಯಲ್ಲಿಯೂ ನಾಡಿ, ಮೂತ್ರ, ಮಲ, ಜಿಹ್ವೆ, ಶಬ್ದ, ಸ್ಪರ್ಶ, ದೃಕ್, ಆಕೃತಿ ಎಂಬ ಎಂಟರಲ್ಲಿ ಹಲವನ್ನು ಕಣ್ಣಿನಿಂದಲೇ ಅರಿಯಬೇಕು. ಪಾಶ್ಚಾತ್ಯ ವೈದ್ಯವೂ ಇದೇ ಕ್ರಮವನ್ನು ಅನುಸರಿಸುತ್ತದೆ: ಮೊದಲು ನೋಡುವುದು, ಅನಂತರ ಮುಟ್ಟುವುದು, ಬೆರಳಿನಿಂದ ತಟ್ಟುವುದು, ಕಡೆಯಲ್ಲಿ ಆಲಿಸುವುದು. 12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದನು. ವೈದ್ಯವೇ ಆತನ ಕಾಯಕ. ಆತನ ಕೈಯಲ್ಲಿ ಸ್ಟೆತಸ್ಕೋಪಾಗಲಿ ಎಕ್ಸ್‌ರೇಯಾಗಲಿ ಇರಲಿಲ್ಲವೆಂಬುದನ್ನು ನೆನೆದರೆ ಆ ಕಾಲದ ವೈದ್ಯನ ಕಣ್ಣಿಗೆ ಎಷ್ಟು ಹೊಣೆಯಿತ್ತೆಂಬುದು ತಿಳಿಯುತ್ತದೆ.

1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತಸ್ಕೋಪನ್ನು ಕಂಡುಹಿಡಿದನು. 1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌ರೇ ಕಿರಣಗಳನ್ನು ಗುರುತಿಸಿದನು. ಅಲ್ಲಿಂದೀಚೆಗೆ ಸ್ಕ್ಯಾನು, ರಕ್ತಪರೀಕ್ಷೆ, ಎಂಆರ್‌ಐ ಮೊದಲಾದವು ಬಂದು ಲಕ್ಷಾಂತರ ಪ್ರಾಣಗಳನ್ನು ಉಳಿಸಿವೆ. ಇವುಗಳ ಉಪಕಾರವನ್ನು ಮರೆಯುವಂತಿಲ್ಲ. ಆದರೆ ಯಂತ್ರಗಳ ಜೊತೆಗೆ ಒಂದು ನಷ್ಟವೂ ಬಂದಿತು. ವೈದ್ಯರ ದೃಷ್ಟಿ ರೋಗಿಯ ಮುಖದಿಂದ ವರದಿಯ ಹಾಳೆಗೆ, ಹಾಳೆಯಿಂದ ಕಂಪ್ಯೂಟರಿನ ಪರದೆಗೆ ಸರಿಯಿತು. ಯಾವ ಪರೀಕ್ಷೆ ಮಾಡಿಸಬೇಕೆಂಬುದನ್ನು ಯಂತ್ರ ಹೇಳುವುದಿಲ್ಲ. ಅದನ್ನು ತೀರ್ಮಾನಿಸಬೇಕಾದದ್ದು ರೋಗಿಯನ್ನು ನೋಡಿದ ಕಣ್ಣು. ಆ ಕಣ್ಣು ತಪ್ಪಿದರೆ ಮುಂದಿನ ಪರೀಕ್ಷೆಗಳೂ ಬೇರೆ ದಾರಿ ಹಿಡಿಯುತ್ತವೆ.

ಕಣ್ಣು ಬಿದ್ದರೂ ಕಾಣದ ವಸ್ತು

ಕಣ್ಣು ತೆರೆದಿದ್ದ ಮಾತ್ರಕ್ಕೆ ಎದುರಿಗಿರುವುದೆಲ್ಲ ಕಾಣುತ್ತದೆಂದು ನಾವು ನಂಬಿದ್ದೇವೆ. ಅದು ನಿಜವಲ್ಲವೆಂಬುದನ್ನು 2013ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ತೋರಿಸಿಕೊಟ್ಟಿತು. 24 ಮಂದಿ ಅನುಭವಿ ರೇಡಿಯಾಲಜಿ ವೈದ್ಯರಿಗೆ ಶ್ವಾಸಕೋಶದ ಸಿಟಿ ಸ್ಕ್ಯಾನ್ ಚಿತ್ರಗಳನ್ನು ಕೊಟ್ಟು ಅವುಗಳಲ್ಲಿರುವ ಸಣ್ಣ ಗಂಟುಗಳನ್ನು ಹುಡುಕಬೇಕೆಂದು ಹೇಳಲಾಯಿತು. ಕೊನೆಯ ಸ್ಕ್ಯಾನಿನಲ್ಲಿ ಸಂಶೋಧಕರು ಒಂದು ಗೊರಿಲ್ಲಾದ ಚಿತ್ರವನ್ನು ಸೇರಿಸಿದ್ದರು. ಅದು ಸಾಮಾನ್ಯ ಗಂಟಿಗಿಂತ 48 ಪಟ್ಟು ದೊಡ್ಡದಾಗಿತ್ತು. ಆದರೂ 24 ಮಂದಿಯಲ್ಲಿ 20 ಮಂದಿಗೆ ಅದು ಕಾಣಲಿಲ್ಲ. ಅವರ ಕಣ್ಣಿನ ಚಲನೆಯನ್ನು ಅಳೆದ ಉಪಕರಣವು ಇನ್ನೂ ಸೋಜಿಗದ ಸಂಗತಿಯೊಂದನ್ನು ತಿಳಿಸಿತು: ಗೊರಿಲ್ಲಾವನ್ನು ಕಾಣದವರಲ್ಲಿ ಹೆಚ್ಚಿನವರ ದೃಷ್ಟಿ ನೇರವಾಗಿ ಅದರ ಮೇಲೆಯೇ ಬಿದ್ದು ಮುಂದೆ ಸಾಗಿತ್ತು.

ಆ ವೈದ್ಯರು ಅಸಡ್ಡೆಯವರಲ್ಲ, ಅರಿವುಗೇಡಿಗಳೂ ಅಲ್ಲ. ಮನಸ್ಸು ಒಂದನ್ನು ಹುಡುಕಲು ಹೊರಟಾಗ ಉಳಿದದ್ದಕ್ಕೆ ಬಾಗಿಲು ಮುಚ್ಚಿಕೊಳ್ಳುವುದು ಮನುಷ್ಯಸ್ವಭಾವ. ಇದು ನೋಟದ ಮೊದಲನೆಯ ದೋಷ.

ಎರಡನೆಯ ದೋಷವು ಬೇಗನೆ ಹೆಸರಿಟ್ಟುಬಿಡುವುದು. ಅರವತ್ತೈದು ದಾಟಿದ ತಾಯಿಯೊಬ್ಬರು ಸುಸ್ತು ಎನ್ನುತ್ತಾರೆ, ನಿಧಾನವಾಗಿ ನಡೆಯುತ್ತಾರೆ, ಮರೆವು ಹೆಚ್ಚಾಗಿದೆ ಎನ್ನುತ್ತಾರೆ. ಮನೆಯವರು ‘ವಯಸ್ಸಾಯಿತು’ ಎನ್ನುತ್ತಾರೆ. ಆ ಒಂದು ಮಾತು ಬಂದ ಕೂಡಲೇ ನೋಡುವುದು ನಿಂತುಹೋಗುತ್ತದೆ. ಅವರ ದನಿ ಒರಟಾಗಿರುವುದು, ಚರ್ಮ ಒಣಗಿರುವುದು, ಮುಖ ಸ್ವಲ್ಪ ಊದಿರುವುದು, ಹುಬ್ಬಿನ ಹೊರತುದಿಯ ಕೂದಲು ಉದುರಿರುವುದು ಯಾರ ಗಮನಕ್ಕೂ ಬರುವುದಿಲ್ಲ. ಇವೆಲ್ಲ ಸೇರಿದರೆ ಥೈರಾಯ್ಡ್ ಗ್ರಂಥಿಯ ಕೊರತೆಯ ಲಕ್ಷಣಗಳಾಗಬಹುದು. ಆ ಕೊರತೆಗೆ ದಿನಕ್ಕೊಂದು ಮಾತ್ರೆಯ ಚಿಕಿತ್ಸೆಯಿದೆ. ‘ವಯಸ್ಸಾಯಿತು’ ಎಂಬುದಕ್ಕೆ ಯಾವ ಚಿಕಿತ್ಸೆಯೂ ಇಲ್ಲ. ಆತುರದ ಹೆಸರೊಂದು ಆ ತಾಯಿಯ ಆಯುಷ್ಯದ ಎಷ್ಟೋ ನೆಮ್ಮದಿಯ ವರ್ಷಗಳನ್ನು ಕಸಿದುಕೊಳ್ಳಬಲ್ಲದು.

ಯೇಲ್‌ನಲ್ಲಿ ನಡೆದ ಪ್ರಯೋಗ

ಅಮೆರಿಕದ ನ್ಯೂ ಹೇವನ್ ನಗರದಲ್ಲಿರುವ ಯೇಲ್ ವಿಶ್ವವಿದ್ಯಾಲಯದಲ್ಲಿ ಅರ್ವಿನ್ ಬ್ರೇವರ್‌ಮನ್ ಎಂಬ ಚರ್ಮರೋಗ ತಜ್ಞರು ಪ್ರಾಧ್ಯಾಪಕರಾಗಿದ್ದರು. ಚರ್ಮರೋಗದ ವೈದ್ಯರಿಗೆ ನೋಡುವುದೇ ಮುಖ್ಯ ಸಾಧನ. ಕಲೆಯ ಬಣ್ಣವೇನು, ಅಂಚು ಹೇಗಿದೆ, ಎಲ್ಲಿ ಆರಂಭವಾಗಿ ಎತ್ತ ಹರಡಿದೆ ಎಂಬುದನ್ನು ಮಾತಿನಲ್ಲಿ ನಿಖರವಾಗಿ ಹೇಳಲು ಬಂದರೆ ರೋಗನಿದಾನ ಅರ್ಧ ಆದಂತೆ. ತಮ್ಮ ವಿದ್ಯಾರ್ಥಿಗಳಿಗೆ ಹೀಗೆ ನೋಡಿ ಹೇಳುವ ಅಭ್ಯಾಸ ಸಾಲದೆಂಬುದು ಬ್ರೇವರ್‌ಮನ್ ಅವರ ಗಮನಕ್ಕೆ ಬಂದಿತ್ತು. ಅವರು ಅದೇ ವಿಶ್ವವಿದ್ಯಾಲಯಕ್ಕೆ ಸೇರಿದ ಬ್ರಿಟಿಷ್ ಕಲಾಕೇಂದ್ರದಲ್ಲಿ ಶಿಕ್ಷಣ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಲಿಂಡಾ ಫ್ರೀಡ್‌ಲೆಂಡರ್ ಅವರೊಡನೆ ಸೇರಿ 1990ರ ದಶಕದ ಕೊನೆಯಲ್ಲಿ ಒಂದು ಹೊಸ ಪಾಠವನ್ನು ರೂಪಿಸಿದರು.

ಪಾಠದ ಕ್ರಮ ಸರಳವಾಗಿದೆ. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ವರ್ಣಚಿತ್ರವನ್ನು ಗೊತ್ತುಮಾಡಲಾಗುತ್ತದೆ. ಹತ್ತು ಹದಿನೈದು ನಿಮಿಷ ಅದರ ಮುಂದೆ ಒಬ್ಬರೇ ನಿಂತು ನೋಡಬೇಕು. ಅನಂತರ ಸಣ್ಣ ಗುಂಪಿನ ಮುಂದೆ ತಾನು ಕಂಡದ್ದನ್ನು ವಿವರಿಸಬೇಕು. ಚಿತ್ರದ ಕಥೆ ಹೇಳುವಂತಿಲ್ಲ, ಅರ್ಥ ಹೇಳುವಂತಿಲ್ಲ. ಮೊದಲು ಕಂಡದ್ದು ಮಾತ್ರ. ‘ಈಕೆ ದುಃಖದಲ್ಲಿದ್ದಾಳೆ’ ಎಂದು ವಿದ್ಯಾರ್ಥಿ ಹೇಳಿದರೆ, ‘ದುಃಖವೆಂದು ನಿಮಗೆ ಅನ್ನಿಸಿದ್ದು ಯಾವುದನ್ನು ಕಂಡು?’ ಎಂದು ಗುರುಗಳು ಕೇಳುತ್ತಾರೆ. ಆಗ ವಿದ್ಯಾರ್ಥಿ ಮತ್ತೆ ಚಿತ್ರಕ್ಕೆ ಮರಳಬೇಕು: ತುಟಿಯ ತುದಿ ಕೆಳಗೆ ಇಳಿದಿದೆ, ಕಣ್ಣು ನೆಲವನ್ನು ನೋಡುತ್ತಿದೆ, ಎಡಗೈ ಬಲಗೈಯನ್ನು ಬಿಗಿಯಾಗಿ ಹಿಡಿದಿದೆ. ಎಲ್ಲ ವಿವರಗಳೂ ಮಾತಿಗೆ ಬಂದ ಮೇಲೆಯೇ ಅರ್ಥದ ವಿಚಾರ. ರೋಗಿಯ ಹಾಸಿಗೆಯ ಪಕ್ಕದಲ್ಲಿ ವೈದ್ಯನು ಅನುಸರಿಸಬೇಕಾದ ಕ್ರಮವೂ ಇದೇ: ಮೊದಲು ಲಕ್ಷಣಗಳು, ಅನಂತರ ನಿದಾನ.

ಈ ಪಾಠದಿಂದ ನಿಜವಾಗಿ ಪ್ರಯೋಜನವಾಗಿದೆಯೇ ಎಂಬುದನ್ನೂ ಅವರು ಪರೀಕ್ಷಿಸಿದರು. ಚಿತ್ರಶಾಲೆಯ ಪಾಠ ಪಡೆದ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಎಂದಿನ ಪಾಠವನ್ನಷ್ಟೇ ಪಡೆದ ವಿದ್ಯಾರ್ಥಿಗಳೊಡನೆ ಹೋಲಿಸಿ, ಇಬ್ಬರಿಗೂ ರೋಗಿಗಳ ಛಾಯಾಚಿತ್ರಗಳನ್ನು ಕೊಟ್ಟು ಕಂಡದ್ದನ್ನು ಬರೆಯಲು ಹೇಳಿದರು. ಚಿತ್ರಗಳ ಮುಂದೆ ನಿಂತು ಅಭ್ಯಾಸ ಮಾಡಿದವರು ರೋಗಿಗಳ ಛಾಯಾಚಿತ್ರಗಳಲ್ಲಿಯೂ ಹೆಚ್ಚು ವಿವರಗಳನ್ನು ಗುರುತಿಸಿದ್ದರು. ಈ ಫಲಿತಾಂಶ 2001ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಅನಂತರ ಬೇರೆಡೆಗಳಲ್ಲಿಯೂ ಇಂಥ ಪಾಠಗಳು ಆರಂಭವಾದವು. ಹಾರ್ವರ್ಡ್ ವೈದ್ಯಕೀಯ ಶಾಲೆಯು ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳ ಕಣ್ಣನ್ನು ಪಳಗಿಸುವ ಪಾಠಕ್ರಮವೊಂದನ್ನು ನಡೆಸಿತು. ಅದರ ಫಲಿತಾಂಶ 2008ರಲ್ಲಿ ಹೊರಬಂದಿತು. ಫಿಲಡೆಲ್ಫಿಯಾದಲ್ಲಿ 36 ಮಂದಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪಾಗಿ ಮಾಡಿ, ಒಂದು ಗುಂಪಿಗೆ ಕಲಾ ಸಂಗ್ರಹಾಲಯದಲ್ಲಿ ಒಂದೂವರೆ ಗಂಟೆಯ ಆರು ತರಗತಿಗಳನ್ನು ಕೊಟ್ಟರು. ಪಾಠ ಹೇಳಿದವರು ಕಲಾಶಿಕ್ಷಕರು. ಆ ತರಗತಿಗಳಲ್ಲಿ ಕಣ್ಣಿನ ಕಾಯಿಲೆಯ ಮಾತೇ ಬಂದಿರಲಿಲ್ಲವಾದರೂ, ಪರೀಕ್ಷೆಯಲ್ಲಿ ಆ ಗುಂಪಿನವರು ಕಣ್ಣಿನ ಕಾಯಿಲೆಗಳ ಚಿತ್ರಗಳನ್ನು ಇನ್ನೊಂದು ಗುಂಪಿನವರಿಗಿಂತ ಚೆನ್ನಾಗಿ ವಿವರಿಸಿದರು. ಇದು 2018ರಲ್ಲಿ ಪ್ರಕಟವಾದ ಅಧ್ಯಯನ.

ರೋಗಿಯ ಬದಲು ಚಿತ್ರವೇಕೆ?

ವಾರ್ಡಿನ ತುಂಬ ರೋಗಿಗಳಿರುವಾಗ ಬಣ್ಣದ ಚಿತ್ರಗಳನ್ನು ಏಕೆ ನೋಡಬೇಕೆಂಬ ಪ್ರಶ್ನೆ ಸಹಜ. ಇದಕ್ಕೆ ಮೂರು ಕಾರಣಗಳನ್ನು ನಾವು ಕಾಣುತ್ತೇವೆ.

ಮೊದಲನೆಯದು, ಚಿತ್ರಕ್ಕೆ ದಣಿವಿಲ್ಲ, ನಾಚಿಕೆಯಿಲ್ಲ, ನೋವಿಲ್ಲ. ಹತ್ತು ಮಂದಿ ವಿದ್ಯಾರ್ಥಿಗಳು ಒಬ್ಬ ರೋಗಿಯನ್ನು ಸುತ್ತುವರಿದು ಕಾಲು ಗಂಟೆ ಬಿಡದೆ ನೋಡಿದರೆ ಆ ಜೀವ ಎಷ್ಟು ಮುದುಡಿಹೋದೀತು! ನೋಟವೂ ಹಿಂಸೆಯಾಗಬಲ್ಲದು. ಚಿತ್ರವು ಆ ಹಿಂಸೆಯಿಲ್ಲದೆ ಅಭ್ಯಾಸಕ್ಕೆ ಒದಗುತ್ತದೆ.

ಎರಡನೆಯದು, ಚಿತ್ರದ ಮುಂದೆ ವಿದ್ಯಾರ್ಥಿಗೆ ಯಾವುದು ಮುಖ್ಯ, ಯಾವುದು ಅಮುಖ್ಯವೆಂದು ಮೊದಲೇ ತಿಳಿದಿರುವುದಿಲ್ಲ. ರೋಗಿಯ ಮುಂದೆ ನಿಂತಾಗ ಪಠ್ಯಪುಸ್ತಕದಲ್ಲಿ ಓದಿದ್ದು ನೆನಪಿಗೆ ಬಂದು, ಕಣ್ಣು ಅದನ್ನೇ ಹುಡುಕುತ್ತದೆ. ಪರಿಚಯವಿಲ್ಲದ ಚಿತ್ರದಲ್ಲಿ ಅಂಥ ಆಸರೆ ಇಲ್ಲ. ಆದ್ದರಿಂದ ಮೂಲೆ ಮೂಲೆಯನ್ನೂ ನೋಡಬೇಕಾಗುತ್ತದೆ. ಬ್ರೇವರ್‌ಮನ್ ಅವರ ವಿಚಾರದ ತಿರುಳು ಇದೇ ಆಗಿತ್ತು.

ಮೂರನೆಯದು, ಚಿತ್ರದ ಮುಂದೆ ಎಲ್ಲರೂ ಸಮಾನರು. ಒಬ್ಬನು ಕಾಣದಿದ್ದುದನ್ನು ಇನ್ನೊಬ್ಬಳು ಕಾಣುತ್ತಾಳೆ. ತನ್ನ ಕಣ್ಣು ಪೂರ್ಣವಲ್ಲವೆಂಬ ಅರಿವು ವಿದ್ಯಾರ್ಥಿಗೆ ಅಲ್ಲಿ ನಗುನಗುತ್ತಲೇ ಬರುತ್ತದೆ. ದಾದಿಯೋ ಆಯಾ ಅಮ್ಮನೋ ರೋಗಿಯ ತಾಯಿಯೋ ‘ಡಾಕ್ಟರೇ, ಇದನ್ನು ನೋಡಿದಿರಾ?’ ಎಂದಾಗ ಕಿವಿಗೊಡುವ ವಿನಯ ಮುಂದೆ ಬರುವುದಾದರೆ ಅದರ ಬೀಜ ಇಲ್ಲಿದೆ.

ಎರಡು ಚಿತ್ರಗಳು

ಓದುಗರು ಈ ಪಾಠದ ರುಚಿಯನ್ನು ಅರಿಯಲೆಂದು ಎರಡು ಪ್ರಸಿದ್ಧ ಚಿತ್ರಗಳನ್ನು ಇಲ್ಲಿ ಪರಿಚಯಿಸುತ್ತೇವೆ.

ಪ್ಯಾರಿಸಿನ ಲೂವ್ರ್ ಸಂಗ್ರಹಾಲಯದಲ್ಲಿ ಇಟಲಿಯ ಕಲಾವಿದ ಗಿರ್ಲಾಂಡಾಯೊ ಸುಮಾರು 1490ರಲ್ಲಿ ರಚಿಸಿದ ಚಿತ್ರವೊಂದಿದೆ. ಕೆಂಪು ಉಡುಪಿನ ವೃದ್ಧನೊಬ್ಬ, ಅವನನ್ನು ತಲೆಯೆತ್ತಿ ನೋಡುತ್ತಿರುವ ಪುಟ್ಟ ಬಾಲಕ. ವೃದ್ಧನ ಮೂಗು ಗಂಟುಗಂಟಾಗಿ ಊದಿಕೊಂಡಿದೆ. ವೈದ್ಯರ ಕಣ್ಣು ಕೂಡಲೇ ಅಲ್ಲಿ ನಿಲ್ಲುತ್ತದೆ: ಇದು ರೈನೊಫೈಮಾ ಎಂಬ ಸ್ಥಿತಿ, ಮೂಗಿನ ಚರ್ಮದ ಎಣ್ಣೆಗ್ರಂಥಿಗಳು ಬೆಳೆದು ದಪ್ಪವಾಗುವುದು. ಮದ್ಯಪಾನದಿಂದ ಹೀಗಾಗುತ್ತದೆಂಬ ಜನರ ನಂಬಿಕೆ ತಪ್ಪು. ಆದರೆ ಕಾಯಿಲೆಯ ಹೆಸರು ಹೇಳಿ ಕಣ್ಣು ತೆಗೆದವರು ಚಿತ್ರದ ಅರ್ಧವನ್ನು ಕಂಡಂತಾಯಿತು. ಬಾಲಕನ ಕೈ ತಾತನ ಎದೆಯ ಮೇಲಿದೆ. ಅವನ ಮುಖದಲ್ಲಿ ಹೆದರಿಕೆಯಿಲ್ಲ, ಹೇವರಿಕೆಯಿಲ್ಲ. ತಾತನ ದೃಷ್ಟಿ ಮಗುವಿನ ಮೇಲೆಯೇ ಬಾಗಿದೆ. ರೋಗವನ್ನು ಕಂಡ ಕಣ್ಣು ಈ ಅಕ್ಕರೆಯನ್ನೂ ಕಾಣಬೇಕು. ಮೂಗು ಊದಿದ ರೋಗಿಗೂ ಮನೆಯಲ್ಲಿ ಅವನನ್ನು ಕಾಯುತ್ತಿರುವ ಮೊಮ್ಮಗನಿರುತ್ತಾನೆ.

ಎರಡನೆಯದು ಲಂಡನ್ನಿನ ಟೇಟ್ ಬ್ರಿಟನ್ ಸಂಗ್ರಹದಲ್ಲಿರುವ ‘ವೈದ್ಯ’ ಎಂಬ ಚಿತ್ರ. ಲ್ಯೂಕ್ ಫಿಲ್ಡ್ಸ್ ಎಂಬ ಕಲಾವಿದ ಬರೆದ ಇದು 1891ರಲ್ಲಿ ಪ್ರದರ್ಶನಗೊಂಡಿತು. 1877ರ ಕ್ರಿಸ್‌ಮಸ್ ಸಮಯದಲ್ಲಿ ಫಿಲ್ಡ್ಸ್ ತಮ್ಮ ಮೊದಲ ಮಗನನ್ನು ಕಳೆದುಕೊಂಡಿದ್ದರು. ಬಡವರ ಗುಡಿಸಲಿನಲ್ಲಿ ಕಾಯಿಲೆಯ ಮಗುವಿನ ಪಕ್ಕದಲ್ಲಿ ವೈದ್ಯರೊಬ್ಬರು ಕುಳಿತಿರುವುದು ಚಿತ್ರದ ವಸ್ತು.

ಈಗ ಯೇಲ್‌ನ ಕ್ರಮದಲ್ಲಿ ನೋಡೋಣ. ‘ಬಡವರ ಗುಡಿಸಲು’ ಎಂದು ನಾವು ಆಗಲೇ ಹೇಳಿಬಿಟ್ಟೆವು, ಅದು ತೀರ್ಮಾನ. ಹಾಗೆ ಹೇಳಲು ಕಂಡದ್ದೇನು? ಮಗುವಿಗೆ ಮಂಚವಿಲ್ಲ, ಒಂದಕ್ಕೊಂದು ಹೊಂದದ ಎರಡು ಕುರ್ಚಿಗಳನ್ನು ಸೇರಿಸಿ ಮೇಲೆ ದಿಂಬು ಹಾಕಿ ಮಲಗಿಸಿದ್ದಾರೆ. ‘ರಾತ್ರಿಯೆಲ್ಲ ಎಚ್ಚರವಿದ್ದಾರೆ’ ಎನ್ನುವುದೂ ತೀರ್ಮಾನ. ಕಂಡದ್ದು, ದೀಪ ಇನ್ನೂ ಉರಿಯುತ್ತಿದೆ ಮತ್ತು ಕಿಟಕಿಯಿಂದ ಬೆಳಗಿನ ಬೆಳಕು ಇಣುಕುತ್ತಿದೆ. ತಾಯಿ ಮೇಜಿನ ಮೇಲೆ ತಲೆಯಿಟ್ಟಿದ್ದಾಳೆ. ತಂದೆಯ ಕೈ ಅವಳ ಹೆಗಲ ಮೇಲಿದೆ, ಕಣ್ಣು ಮಾತ್ರ ವೈದ್ಯರ ಮುಖದ ಮೇಲಿದೆ. ಮಗುವಿನ ಒಂದು ಕೈ ಹೊದಿಕೆಯಿಂದ ಹೊರಗೆ ಜೋತುಬಿದ್ದಿದೆ. ವೈದ್ಯರು ಗಲ್ಲಕ್ಕೆ ಕೈಯೂರಿ ಮುಂದಕ್ಕೆ ಬಾಗಿ ಮಗುವನ್ನೇ ನೋಡುತ್ತಿದ್ದಾರೆ. ಪಕ್ಕದಲ್ಲಿ ಔಷಧಿಯ ಸೀಸೆ, ಬಟ್ಟಲು, ಚಮಚಗಳಿವೆ. ವೈದ್ಯರ ಕೈಯಲ್ಲಿ ಯಾವ ಉಪಕರಣವೂ ಇಲ್ಲ.

ಪೆನಿಸಿಲಿನ್ ಗುರುತಿಸಲ್ಪಟ್ಟದ್ದು 1928ರಲ್ಲಿ. ಅದಕ್ಕೆ ಸುಮಾರು ನಾಲ್ಕು ದಶಕ ಹಿಂದಿನ ಈ ವೈದ್ಯರಿಗೆ ಮಾಡಲು ಹೆಚ್ಚೇನೂ ಉಳಿದಿರಲಿಲ್ಲ. ಆದರೂ ಅವರು ಎದ್ದು ಹೋಗಲಿಲ್ಲ. ಆ ನೋಟದಲ್ಲಿ ಪರೀಕ್ಷೆಯೂ ಇದೆ, ದಯೆಯೂ ಇದೆ. ಒಂದನ್ನು ಇನ್ನೊಂದರಿಂದ ಬೇರ್ಪಡಿಸಲಾಗದು. ಇಂದು ನಮ್ಮ ವೈದ್ಯರ ಕೈಯಲ್ಲಿ ಔಷಧಿಗಳು ಹೇರಳವಾಗಿವೆ. ಆ ಕುರ್ಚಿಯಲ್ಲಿ ಕುಳಿತು ನೋಡುವ ವೇಳೆ ಮಾತ್ರ ಕಡಿಮೆಯಾಗಿದೆ.

ಫಲವೆಷ್ಟು, ಮಿತಿಯೇನು?

ಯಾವುದನ್ನೂ ಅತಿಯಾಗಿ ಹೊಗಳಬಾರದು. ಚಿತ್ರ ನೋಡಿದವರೆಲ್ಲ ಒಳ್ಳೆಯ ವೈದ್ಯರಾಗುತ್ತಾರೆಂದು ಯಾರೂ ಹೇಳಿಲ್ಲ. ಮೇಲೆ ಹೇಳಿದ ಅಧ್ಯಯನಗಳಲ್ಲಿ ಭಾಗವಹಿಸಿದ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದಲ್ಲ. ಪಾಠ ಮುಗಿದ ಸ್ವಲ್ಪ ಕಾಲದಲ್ಲಿಯೇ ಪರೀಕ್ಷೆ ಮಾಡಿದ್ದಾರೆ. ಅಳೆದದ್ದು ವಿವರಣೆಯ ಶಕ್ತಿಯನ್ನು, ರೋಗಿಗಳು ಗುಣವಾದ ಪ್ರಮಾಣವನ್ನಲ್ಲ. ನೋಟಕ್ಕೆ ಜ್ಞಾನದ ಬೆಂಬಲವೂ ಬೇಕು. ಉಗುರಿನ ತುದಿ ಗಿಣಿಯ ಕೊಕ್ಕಿನಂತೆ ಬಾಗಿ ಬೆರಳ ತುದಿ ದಪ್ಪವಾಗಿದೆಯೆಂದು ಕಂಡುಕೊಂಡರೂ, ಅದು ಶ್ವಾಸಕೋಶದ ಅಥವಾ ಹೃದಯದ ಕಾಯಿಲೆಯ ಸೂಚನೆಯಾಗಬಹುದೆಂಬುದನ್ನು ಶಾಸ್ತ್ರವೇ ಕಲಿಸಬೇಕು. ಚಿತ್ರಶಾಲೆ ಕೊಡುವುದು ಕಾಣುವ ಅಭ್ಯಾಸವನ್ನು ಮಾತ್ರ, ಆ ಅಭ್ಯಾಸವನ್ನೂ ಮುಂದೆ ಪ್ರತಿದಿನ ಉಳಿಸಿಕೊಳ್ಳಬೇಕು.

ನಮ್ಮ ದೇಶದಲ್ಲಿ 2019ರಿಂದ ಎಂಬಿಬಿಎಸ್ ಪಠ್ಯಕ್ರಮ ಬದಲಾಗಿದೆ. ವೃತ್ತಿಧರ್ಮ, ನಡವಳಿಕೆ, ರೋಗಿಯೊಡನೆ ಮಾತುಕತೆ ಇವುಗಳ ಶಿಕ್ಷಣಕ್ಕೆ ‘ಏಟ್‌ಕಾಮ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಭಾಗವೇ ಇದೆ. ನೋಡುವ ಅಭ್ಯಾಸವೂ ಅದರ ಪಕ್ಕದಲ್ಲಿ ಕುಳಿತುಕೊಳ್ಳಬಹುದಾದ ವಿಷಯ. ಆದರೆ ನಮ್ಮ ವಿದ್ಯಾರ್ಥಿಗಳಿಗೆ ಇನ್ನೊಂದು ಎಚ್ಚರ ಬೇಕು. ಪಾಶ್ಚಾತ್ಯ ಪಠ್ಯಪುಸ್ತಕಗಳಲ್ಲಿ ಹೆಚ್ಚಾಗಿ ಬಿಳಿಯ ಚರ್ಮದ ಚಿತ್ರಗಳೇ ಇರುತ್ತವೆ. ಬಿಳಿಯರಲ್ಲಿ ಕೆಂಪಾಗಿ ಕಾಣುವ ಗಂಧೆ ನಮ್ಮ ಕಂದು ಅಥವಾ ಕಪ್ಪು ಮೈಬಣ್ಣದಲ್ಲಿ ಕಡುಗಂದಾಗಿಯೋ ನೇರಳೆಯಾಗಿಯೋ ಕಾಣಬಹುದು. ರಕ್ತಹೀನತೆಯನ್ನು ನಮ್ಮವರ ಕೆನ್ನೆಯಲ್ಲಿ ಹುಡುಕಿದರೆ ಸಿಗದು. ಕೆಳರೆಪ್ಪೆಯ ಒಳಭಾಗ, ನಾಲಗೆ, ಅಂಗೈ, ಉಗುರುಗಳನ್ನು ನೋಡಬೇಕು.

ಆದ್ದರಿಂದ ನಮ್ಮವರನ್ನು ನಮ್ಮ ಬೆಳಕಿನಲ್ಲಿ ಚಿತ್ರಿಸಿದ ಕಲೆಯೂ ಅಭ್ಯಾಸಕ್ಕೆ ಬೇಕು. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ, ದೀಪ ಹಿಡಿದ ಮಹಿಳೆಯ ಚಿತ್ರವನ್ನು ಬಹುಮಂದಿ ಓದುಗರು ಕಂಡಿದ್ದೀರಿ. ಅದು ರವಿವರ್ಮರದೆಂದು ತಿಳಿದವರು ಅನೇಕರು. ನಿಜವಾಗಿ ಅದನ್ನು 1940ರ ದಶಕದಲ್ಲಿ ಜಲವರ್ಣದಲ್ಲಿ ರಚಿಸಿದವರು ಎಸ್. ಎಲ್. ಹಳದಣಕರ್. ಮುಂದಿನ ಸಲ ಹೋದಾಗ ಹತ್ತು ನಿಮಿಷ ನಿಂತು ನೋಡಿರಿ. ಬೆಳಕು ಮುಖದ ಯಾವ ಭಾಗಕ್ಕೆ ತಲುಪಿದೆ, ಯಾವ ಭಾಗಕ್ಕೆ ತಲುಪಿಲ್ಲ? ದೀಪಕ್ಕೆ ಮರೆಯಾಗಿ ಹಿಡಿದ ಬೆರಳುಗಳ ಅಂಚು ಯಾವ ಬಣ್ಣಕ್ಕೆ ತಿರುಗಿದೆ? ಬೆಳಕು ಬೆರಳಿನ ರಕ್ತದ ಮೂಲಕ ಹಾಯ್ದಾಗ ಕಾಣುವ ಕೆಂಪನ್ನು ಕಲಾವಿದರ ಕಣ್ಣು ಹಿಡಿದಿದೆ. ಕೋವಿಡ್ ಕಾಲದಲ್ಲಿ ಮನೆಮನೆಗೂ ಬಂದ ಆಕ್ಸಿಮೀಟರ್ ಕೂಡ ಬೆರಳಿನ ಮೂಲಕ ಬೆಳಕನ್ನು ಹಾಯಿಸಿಯೇ ರಕ್ತದ ಆಮ್ಲಜನಕವನ್ನು ಅಳೆಯುತ್ತದೆ. ಆ ಉಪಕರಣವೂ ಕಪ್ಪು ಚರ್ಮದವರಲ್ಲಿ ಕೆಲವೊಮ್ಮೆ ಇರುವುದಕ್ಕಿಂತ ಹೆಚ್ಚಿನ ಅಂಕಿಯನ್ನು ತೋರಿಸಿ, ಆಮ್ಲಜನಕದ ಕೊರತೆಯನ್ನು ಮರೆಮಾಚುತ್ತದೆಂದು 2020ರಲ್ಲಿ ಅಮೆರಿಕದ ವೈದ್ಯರು ಎಚ್ಚರಿಸಿದರು. ಅಂಕಿ ಸರಿಯಾಗಿದ್ದರೂ ಉಸಿರಾಟ ಕಷ್ಟವಾಗಿ ಕಂಡರೆ ಕಂಡದ್ದನ್ನು ಕಡೆಗಣಿಸಬಾರದು.

ಮನೆಯಲ್ಲಿ ನೋಡುವ ಕ್ರಮ

ಪ್ರತಿದಿನ ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿಯನ್ನು ನೆಲೆಗೊಳಿಸುವ ಸದ್ಭಕ್ತರಿಗೆ ಅಲೆದಾಡುವ ನೋಟ ನಿಲ್ಲುವುದು ಎಷ್ಟು ಕಷ್ಟವೆಂಬುದೂ, ಅಭ್ಯಾಸದಿಂದ ಅದು ಸಾಧ್ಯವೆಂಬುದೂ ಅನುಭವದಿಂದ ಗೊತ್ತು. ಪೂಜೆಯ ಉದ್ದೇಶ ಬೇರೆ, ಅದನ್ನು ಇಲ್ಲಿ ಬೆರೆಸುವುದಿಲ್ಲ. ಆದರೆ ಆ ನಿಲುಗಡೆಯ ಸ್ವಲ್ಪ ಭಾಗವನ್ನು ಮನೆಯ ಕಾಯಿಲೆಯವರ ಕಡೆಗೂ ತಿರುಗಿಸಿದರೆ ಅದು ದಾಸೋಹವೇ ಆಗುತ್ತದೆ. ಅದಕ್ಕೆ ಕೆಲವು ಸೂಚನೆಗಳು:

ಕಂಡದ್ದನ್ನು ಹೇಳಿರಿ, ಹೆಸರನ್ನು ವೈದ್ಯರಿಗೆ ಬಿಡಿರಿ. ‘ಇವರಿಗೆ ಕಾಮಾಲೆ’ ಎನ್ನುವುದಕ್ಕಿಂತ ‘ಮೂರು ದಿನದಿಂದ ಕಣ್ಣಿನ ಬಿಳಿಭಾಗ ಹಳದಿಯಾಗಿದೆ, ಮೂತ್ರ ಕಡುಹಳದಿಯಾಗಿದೆ, ಊಟ ಅರ್ಧಕ್ಕೆ ಬಿಡುತ್ತಾರೆ’ ಎಂಬ ಮಾತು ವೈದ್ಯರಿಗೆ ಹೆಚ್ಚು ಉಪಯುಕ್ತ. ಯಾವಾಗ ಆರಂಭವಾಯಿತು, ಹೆಚ್ಚುತ್ತಿದೆಯೇ ಇಳಿಯುತ್ತಿದೆಯೇ ಎಂಬುದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿರಿ.

ಬಣ್ಣವನ್ನು ಹಗಲಿನ ಬೆಳಕಿನಲ್ಲಿ ನೋಡಿರಿ. ಹಳದಿ ಬಲ್ಬಿನ ಕೆಳಗೆ ಕಣ್ಣಿನ ಹಳದಿ ತಿಳಿಯುವುದಿಲ್ಲ.

ಮಕ್ಕಳಿಗೆ ಕೆಮ್ಮು ಜ್ವರ ಬಂದಾಗ, ಮಗು ಅಳದೆ ಶಾಂತವಾಗಿರುವ ಹೊತ್ತಿನಲ್ಲಿ ಅಂಗಿಯನ್ನು ಮೇಲೆತ್ತಿ ಪೂರ್ಣ ಒಂದು ನಿಮಿಷ ಉಸಿರನ್ನು ಎಣಿಸಿರಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಎರಡು ತಿಂಗಳೊಳಗಿನ ಶಿಶುವಿನಲ್ಲಿ ನಿಮಿಷಕ್ಕೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಅಂಥ ಮಗುವನ್ನು ತಡಮಾಡದೆ ವೈದ್ಯರಿಗೆ ತೋರಿಸಬೇಕು. ಉಸಿರೆಳೆದುಕೊಳ್ಳುವಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಆಸ್ಪತ್ರೆಗೆ ಕೂಡಲೇ ಕರೆದೊಯ್ಯಬೇಕು.

ಮಾತಾಡುತ್ತಿದ್ದವರ ಮುಖ ಇದ್ದಕ್ಕಿದ್ದಂತೆ ಒಂದು ಕಡೆಗೆ ವಾಲಿದರೆ, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಜಾರಿದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯುವಾಗಿರಬಹುದು. ಮಲಗಿದರೆ ಸರಿಹೋಗುತ್ತದೆಂದು ಕಾಯಬೇಡಿರಿ. ಲಕ್ಷಣ ಆರಂಭವಾದ ಗಳಿಗೆಯನ್ನು ನೆನಪಿಟ್ಟುಕೊಂಡು ತಕ್ಷಣ 108ಕ್ಕೆ ಕರೆ ಮಾಡಿರಿ. ಮೆದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕಾಗುತ್ತದೆ. ಹೊತ್ತನ್ನು ಗಮನಿಸಿದವರ ಒಂದು ಮಾತು ಅಲ್ಲಿ ಪ್ರಾಣವನ್ನೂ ಕೈಕಾಲುಗಳನ್ನೂ ಉಳಿಸಬಹುದು.

ವೃದ್ಧರನ್ನು ವಾರಕ್ಕೊಮ್ಮೆಯಾದರೂ ಹೊಸಬರನ್ನು ನೋಡುವಂತೆ ನೋಡಿರಿ. ದಿನವೂ ಕಾಣುವ ಮುಖದ ಬದಲಾವಣೆ ದಿನವೂ ಕಾಣುವವರಿಗೆ ತಿಳಿಯುವುದಿಲ್ಲ. ಕೈಬಳೆ ಸಡಿಲವಾಗಿದೆಯೇ? ತಟ್ಟೆಯಲ್ಲಿ ಯಾವುದನ್ನು ಉಳಿಸುತ್ತಾರೆ? ಏಳುವಾಗ ಗೋಡೆಯನ್ನು ಹಿಡಿಯಲು ಯಾವಾಗಿನಿಂದ ಆರಂಭಿಸಿದರು? ಕರೆದಾಗ ತಿರುಗಿ ನೋಡುವುದು ತಡವಾಗುತ್ತಿದೆಯೇ? ಇವುಗಳಲ್ಲಿ ಯಾವುದನ್ನೂ ‘ವಯಸ್ಸು’ ಎಂಬ ಒಂದೇ ಚೀಲಕ್ಕೆ ಹಾಕಿ ಕಟ್ಟಬೇಡಿರಿ.

ಹೀಗೆ ನೋಡುವುದಕ್ಕೆ ಹಣ ಬೇಕಿಲ್ಲ. ವೈದ್ಯ ವಿದ್ಯಾರ್ಥಿಗೆ ಚಿತ್ರಶಾಲೆಯಲ್ಲಿ ಕೊಡುವ ಹತ್ತು ನಿಮಿಷವನ್ನು ನಾವು ನಮ್ಮ ಮನೆಯವರಿಗೆ ಕೊಡಬೇಕು, ಅಷ್ಟು ಹೊತ್ತು ಕೈಯಲ್ಲಿರುವ ಮೊಬೈಲನ್ನು ಪಕ್ಕಕ್ಕೆ ಇಡಬೇಕು. ಕಾಯಿಲೆ ಇದ್ದರೆ ಆ ನೋಟದಿಂದ ಬೇಗ ತಿಳಿಯುತ್ತದೆ. ಕಾಯಿಲೆ ಇಲ್ಲದಿದ್ದರೂ, ತಮ್ಮನ್ನು ಒಬ್ಬರು ನಿಂತು ನೋಡಿದರೆಂಬ ಸಮಾಧಾನ ಆ ಹಿರಿಯ ಜೀವಕ್ಕೆ ಉಳಿಯುತ್ತದೆ.